ಕೊಡಗಿನ ಮಳೆಯನ್ನು ಲೆಕ್ಕಕ್ಕಿಟ್ಟು ಮನೆಯಾಚೆ ಸ್ಟುಡಿಯೋ ಮಾಡಿಕೊಳ್ಳುವ ಬಗೆ

ಮನೆಯಲ್ಲಿಯೇ ಚಿತ್ರ ಬರೆಯುವವರಿಗೆ ಒಂದಲ್ಲ ಒಂದು ದಿನ ಜಾಗ ಸಾಲದಾಗುತ್ತದೆ. ಊಟದ ಹೊತ್ತಿಗೆ ಬಣ್ಣದ ತಟ್ಟೆಗಳನ್ನು ಎತ್ತಿಡಬೇಕು, ನೆಂಟರು ಬಂದರೆ ಒಣಗದ ಕ್ಯಾನ್ವಾಸನ್ನು ಮಂಚದ ಹಿಂದಕ್ಕೆ ಸರಿಸಬೇಕು, ಮರುದಿನ ಮತ್ತೆ ಎಲ್ಲವನ್ನೂ ಹರಡಿಕೊಂಡು ಕುಳಿತುಕೊಳ್ಳುವಷ್ಟರಲ್ಲಿ ಬೆಳಗಿನ ಒಳ್ಳೆಯ ಬೆಳಕು ಮುಗಿದಿರುತ್ತದೆ. ನಾನು ಹಲವು ವರ್ಷ ಮಡಿಕೇರಿಯ ಮನೆಯಲ್ಲಿ ಹೀಗೆಯೇ ಕೆಲಸ ಮಾಡಿ, ಆಮೇಲೆ ಕಾಫಿ ತೋಟವೊಂದರ ಹಳೆಯ ಗೋದಾಮನ್ನು ಬಾಡಿಗೆಗೆ ಹಿಡಿದು, ಅದು ಒಂದೇ ಮಳೆಗಾಲಕ್ಕೆ ಕೈಕೊಟ್ಟ ಬಳಿಕ ಈಗಿರುವ ಎರಡನೆಯ ಸ್ಟುಡಿಯೋಗೆ ಬಂದವಳು. ಮೊದಲನೆಯದರಲ್ಲಿ ಕಳೆದುಕೊಂಡದ್ದು ಮತ್ತು ಎರಡನೆಯದರಲ್ಲಿ ಉಳಿಸಿಕೊಂಡದ್ದು ಎರಡನ್ನೂ, ಹೊಸದಾಗಿ ಜಾಗ ಹುಡುಕುತ್ತಿರುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಸ್ಟುಡಿಯೋ ಬಗ್ಗೆ ಯಾರನ್ನು ಕೇಳಿದರೂ ಮೊದಲು ಸಿಗುವ ಸಲಹೆ ಬೆಳಕಿನದು. ಬೇರೆ ಊರುಗಳಿಗೆ ಅದು ಸರಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ನೆಲ, ಗಾಳಿ ಮೂರೂ ನೀರು ಕುಡಿಯುವ ಕೊಡಗಿನಲ್ಲಿ ಮಾತ್ರ ಮೊದಲು ಹುಡುಕಬೇಕಾದದ್ದು ಒಣಜಾಗ. ಕತ್ತಲ ಕೋಣೆಗೆ ಒಂದು ಕಿಟಕಿ ಇಡಿಸಬಹುದು, ಅದೂ ಆಗದಿದ್ದರೆ ಒಂದೆರಡು ದೀಪ ಹಾಕಿಕೊಳ್ಳಬಹುದು; ಬುಡದಿಂದ ಶೀತ ಏರುವ ಗೋಡೆಯನ್ನು ಬಾಡಿಗೆಗೆ ಇರುವ ನಾವು ಸರಿಪಡಿಸಲಾರೆವು. ಕಿಟಕಿಯಾಚೆ ಬೆಟ್ಟ ಕಾಣುತ್ತದೆಯೇ, ಅಂಗಳದಲ್ಲಿ ಸಂಪಿಗೆ ಮರವಿದೆಯೇ ಎಂಬುದೆಲ್ಲ ಕೊನೆಯ ಮಾತು.

ಜಾಗವನ್ನು ಮಳೆಯಲ್ಲಿಯೇ ನೋಡಬೇಕು

ಜನವರಿಯಲ್ಲಿ ಕೊಡಗಿನ ಯಾವ ಕಟ್ಟಡವೂ ಚೆನ್ನಾಗಿಯೇ ಕಾಣುತ್ತದೆ. ಸುಣ್ಣ ಬಳಿದ ಗೋಡೆ ಬೆಳ್ಳಗಿರುತ್ತದೆ, ಹೆಂಚಿನ ಸಂದಿನಿಂದ ಬಿಸಿಲ ಕೋಲು ಇಳಿದಿರುತ್ತದೆ, ಹೊರಗೆ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ನಾನು ಮೋಸಹೋದದ್ದು ಇಂಥದೇ ಒಂದು ಬೆಳಿಗ್ಗೆ. ಆದ್ದರಿಂದ ಹುಡುಕಾಟವನ್ನು ಜುಲೈ, ಆಗಸ್ಟ್ ತಿಂಗಳಲ್ಲಿ, ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆ ಹಿಡಿದು ಸುರಿಯುತ್ತಿರುವಾಗ ನಡೆಸಿ, ಒಳಗೆ ಹೋಗಿ ಕೂರುವುದನ್ನು ಅಕ್ಟೋಬರ್‌ಗೆ ಇಟ್ಟುಕೊಳ್ಳಿ. ಆಗಸ್ಟ್ 3ರ ಕಕ್ಕಡ ಪದಿನೆಟ್ಟ್, ಅಂದರೆ ಆ ತಿಂಗಳ ಹದಿನೆಂಟನೆಯ ದಿನದ ಹೊತ್ತಿಗೆ ಒಣಗಿರುವ ಕೋಣೆ ವರ್ಷವಿಡೀ ಒಣಗಿರುತ್ತದೆ.

ಮೊದಲು ಕಟ್ಟಡದ ಹಿಂದುಗಡೆ ನಡೆದು ನೋಡಿ. ಗುಡ್ಡ ಕಡಿದು ಸಮಮಾಡಿದ ಜಾಗದಲ್ಲಿ ಕಟ್ಟಿದ್ದರೆ ಹಿಂದೆ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ ನಿಂತಿರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಸುತ್ತ ಗುಡ್ಡ ಕುಸಿದು ಏನಾಯಿತೆಂಬುದನ್ನು, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಏನಾಯಿತೆಂಬುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಬರೆಯ ಬುಡಕ್ಕೂ ಗೋಡೆಗೂ ನಡುವೆ ಬರೆಯ ಎತ್ತರದಷ್ಟಾದರೂ ಬಯಲು ಇಲ್ಲದಿದ್ದರೆ, ಬರೆಯ ಮೇಲೆ ಹೊಸ ಬಿರುಕು ಅಥವಾ ಓರೆಯಾಗಿ ನಿಂತ ಮರಗಳು ಕಂಡರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಅಂಥ ಜಾಗ ಬೇಡ. ಸ್ಟುಡಿಯೋದಲ್ಲಿ ನಾವು ಒಬ್ಬರೇ ಇರುತ್ತೇವೆ, ತಲೆತಗ್ಗಿಸಿ ಕೆಲಸದಲ್ಲಿ ಮುಳುಗಿರುತ್ತೇವೆ. ಮಣ್ಣು ಸರಿಯುವ ಸದ್ದು ಮಳೆಯ ಸದ್ದಿನೊಳಗೆ ಕೇಳಿಸುವುದಿಲ್ಲ.

ಎರಡನೆಯದು ನೆಲ. ಮಳೆ ಹಿಡಿದ ಮೂರು ನಾಲ್ಕು ವಾರಗಳಲ್ಲಿ ನಮ್ಮ ಕಡೆ ಭೂಮಿ ನೀರು ಹಿಡಿದುಕೊಳ್ಳಲಾರದೆ ಅಲ್ಲಲ್ಲಿ ಜಲ ಏಳುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗಿದ್ದ ಕೆಂಪು ಸಿಮೆಂಟಿನ ನೆಲ ಆಗ ಬೆವರತೊಡಗುತ್ತದೆ. ಬೇಸಿಗೆಯಲ್ಲಿ ನೋಡಲೇಬೇಕಾಗಿ ಬಂದರೆ ಒಂದು ಸುಲಭದ ಪರೀಕ್ಷೆಯಿದೆ: ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಅಗಲವಾದ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆಯಿರಿ. ಹಾಳೆಯ ಕೆಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ನೆಲದ ಬಣ್ಣ ಗಾಢವಾಗಿದ್ದರೆ ನೀರು ಕೆಳಗಿನಿಂದಲೇ ಏರುತ್ತಿದೆ ಎಂದು ತಿಳಿಯಬೇಕು. ಇದೇ ಪರೀಕ್ಷೆಯನ್ನು ಗೋಡೆಯ ಬುಡದಲ್ಲೂ ಮಾಡಬಹುದು. ಗೋಡೆಯಲ್ಲಿ ನೆಲದಿಂದ ಒಂದೂವರೆ ಎರಡು ಅಡಿ ಎತ್ತರಕ್ಕೆ ಅಲೆಯಂಥ ಕಂದು ಗೆರೆಯೊಂದು ಕಂಡರೆ ಪರೀಕ್ಷೆಯೂ ಬೇಕಾಗಿಲ್ಲ, ಕಳೆದ ಮಳೆಗಾಲದ ನೀರು ತಾನು ಬಂದುಹೋದ ಗುರುತನ್ನು ಅಲ್ಲಿಯೇ ಬಿಟ್ಟಿದೆ.

ಮೂರನೆಯದು ಇರಿಚಲು. ಕೊಡಗಿನ ಮಳೆ ನೇರವಾಗಿ ಬೀಳುವುದು ಕಡಿಮೆ. ಪಶ್ಚಿಮ ಮತ್ತು ನೈಋತ್ಯದ ಗಾಳಿ ಅದನ್ನು ಓರೆಯಾಗಿ ಗೋಡೆಗೆ ಹೊಡೆಯುತ್ತದೆ. ಆ ಎರಡು ದಿಕ್ಕಿಗೆ ಜಗಲಿ ಅಥವಾ ಕನಿಷ್ಠ ಮೂರು ಅಡಿಯ ಸೂರು ಇದೆಯೇ ಎಂದು ನೋಡಿ. ಹೆಂಚಿನ ಮಾಡು ಒಳ್ಳೆಯದೇ, ಆದರೆ ಹೆಂಚಿನ ಮೇಲೆ ಸಿಲ್ವರ್ ಓಕ್ ಮರದ ಕೊಂಬೆ ಬಾಗಿದ್ದರೆ ಎಲೆ ಕಸ ಸಂದುಗಳಲ್ಲಿ ಕಟ್ಟಿಕೊಂಡು ನೀರು ಹಿಂದಕ್ಕೆ ಹರಿಯುತ್ತದೆ. ತಗಡಿನ ಮಾಡು ಸೋರುವುದು ಕಡಿಮೆ, ಸದ್ದು ಮಾತ್ರ ತಡೆಯಲಾಗದಷ್ಟು. ಜೋರು ಮಳೆಯಲ್ಲಿ ಎದುರಿಗೆ ನಿಂತವರ ಮಾತೂ ಕೇಳದು. ಕೆಳಗೆ ಬಿದಿರಿನ ತಟ್ಟಿ ಅಥವಾ ಪ್ಲೈವುಡ್ ಹೊಡೆಸಿದರೆ ಕೆಲಸ ಮಾಡುವಷ್ಟಕ್ಕೆ ಸದ್ದು ತಗ್ಗುತ್ತದೆ.

ಇಡೀ ಜಿಲ್ಲೆಯನ್ನು ಒಂದೇ ಎಂದು ತಿಳಿಯಬೇಕಾಗಿಲ್ಲ. ಭಾಗಮಂಡಲದ ಕಡೆ ಬೀಳುವ ಮಳೆ ಕುಶಾಲನಗರದಲ್ಲಿ ಬೀಳುವುದರ ಹಲವು ಪಟ್ಟು. ಮಡಿಕೇರಿಯಲ್ಲಿ ಮನೆಯಿದ್ದೂ ಮೂವತ್ತು ಕಿಲೋಮೀಟರ್ ಕೆಳಗಿನ ಕುಶಾಲನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡರೆ ಒಣಹವೆ ಸಿಗುತ್ತದೆ ಎಂಬ ಯೋಚನೆ ನನಗೂ ಬಂದಿತ್ತು. ಆದರೆ ದಿನವೂ ಘಾಟಿ ಇಳಿದು ಹತ್ತುವುದಕ್ಕೆ ಎರಡು ಗಂಟೆ ಹೋಗುತ್ತದೆ, ಮರ ಬಿದ್ದ ದಿನ ದಾರಿಯೇ ಇರುವುದಿಲ್ಲ. ನನ್ನ ಅನುಭವದಲ್ಲಿ ಮನೆಯಿಂದ ಇಪ್ಪತ್ತು ನಿಮಿಷಕ್ಕಿಂತ ದೂರವಿರುವ ಸ್ಟುಡಿಯೋಗೆ ಮೊದಲ ತಿಂಗಳು ದಿನವೂ, ಆರನೆಯ ತಿಂಗಳಲ್ಲಿ ವಾರಕ್ಕೊಮ್ಮೆ ಹೋಗುವಂತಾಗುತ್ತದೆ.

ಎಂಥ ಕಟ್ಟಡ ಕೇಳಬೇಕು

ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಸ್ವೆಟೊಸ್ಲಾವ್ ರೋರಿಕ್ ಅವರು ಮರಗಳ ನಡುವೆ ಕುಳಿತು ಚಿತ್ರ ಬರೆದರೆಂದು ತಿಳಿದ ಯಾವ ಕಲಾವಿದರಿಗೂ ತೋಟದ ಮಧ್ಯದ ಸ್ಟುಡಿಯೋ ಎಂದರೆ ಆಸೆಯಾಗುತ್ತದೆ. ಕೊಡಗಿನಲ್ಲಿ ಆ ಆಸೆಗೆ ದಾರಿಯೂ ಇದೆ, ಏಕೆಂದರೆ ತೋಟಗಳಲ್ಲಿ ಬಳಕೆ ತಪ್ಪಿದ ಕಟ್ಟಡಗಳು ಇವೆ: ಕೆಲಸಗಾರರು ಬಿಟ್ಟುಹೋದ ಲೈನ್ ಮನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಹಳೆಯ ಪಲ್ಪರ್ ಮನೆ, ಗೋದಾಮು, ರೈಟರ್ (ತೋಟದ ಗುಮಾಸ್ತ) ಇರುತ್ತಿದ್ದ ಚಿಕ್ಕ ಮನೆ. ಇವುಗಳಲ್ಲಿ ನಾನು ಯಾರಿಗಾದರೂ ಮೊದಲು ಸೂಚಿಸುವುದು ರೈಟರ್ ಮನೆಯನ್ನು. ಜನ ವಾಸಕ್ಕೆಂದೇ ಕಟ್ಟಿದ್ದರಿಂದ ಅದಕ್ಕೆ ಶೌಚಾಲಯ, ನೀರು, ಭದ್ರವಾದ ಬಾಗಿಲು ಇರುತ್ತವೆ, ಎತ್ತರದ ಪಾಯವೂ ಇರುತ್ತದೆ. ಒಂಟಿಯಾಗಿ ಕೆಲಸ ಮಾಡುವ ಹೆಂಗಸರು ಶೌಚಾಲಯವನ್ನೂ ಒಳಚಿಲಕವನ್ನೂ ಬೆಳಕಿಗಿಂತ ಮೊದಲು ನೋಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಲೈನ್ ಮನೆಯ ಕೋಣೆಗಳು ಚಿಕ್ಕವು. ನಡುಗೋಡೆ ತೆಗೆಸಲು ಮಾಲೀಕರು ಒಪ್ಪಿದರೆ ಎರಡು ಕೋಣೆ ಸೇರಿ ಒಂದು ಒಳ್ಳೆಯ ಸ್ಟುಡಿಯೋ ಆಗುತ್ತದೆ, ಆದರೆ ಆ ಗೋಡೆ ಮಾಡಿನ ಭಾರ ಹೊತ್ತಿದೆಯೇ ಎಂದು ಮೇಸ್ತ್ರಿಯಿಂದ ತಿಳಿದುಕೊಂಡ ಮೇಲೆಯೇ ಕೈಹಚ್ಚಬೇಕು. ಪಲ್ಪರ್ ಮನೆ ತೋಡಿನ ಪಕ್ಕದಲ್ಲಿ ತಗ್ಗಿನಲ್ಲಿರುವುದೇ ಹೆಚ್ಚು. ನೀರಿನ ಕೆಲಸಕ್ಕೆ ಕಟ್ಟಿದ್ದು ನಮ್ಮ ಕಾಗದಕ್ಕೆ ಆಗುವುದಿಲ್ಲ.

ಗೋದಾಮಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದರ ಎತ್ತರ, ಅಗಲವಾದ ಬಾಗಿಲು, ಕಂಬವಿಲ್ಲದ ನೆಲ ದೊಡ್ಡ ಕ್ಯಾನ್ವಾಸಿನವರಿಗೆ ಬಹಳ ಅನುಕೂಲ. ಆದರೆ ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಆರಂಭವಾಗಿ, ರೊಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ, ಜೊತೆಗೆ ಕರಿಮೆಣಸೂ ಸೇರಿಕೊಳ್ಳುತ್ತದೆ. ಕಲಾವಿದರಿಗೆ ಅತ್ಯಂತ ಒಳ್ಳೆಯ ಹವೆಯಿರುವ ಆ ನಾಲ್ಕು ತಿಂಗಳೇ ತೋಟದವರಿಗೆ ಗೋದಾಮು ಬೇಕಾದ ತಿಂಗಳುಗಳು. ಗೋದಾಮಿನ ಅರ್ಧ ಭಾಗ ನಿಮಗೆ, ಇನ್ನರ್ಧ ಕಾಫಿ ಚೀಲಗಳಿಗೆ ಎಂಬ ಹೊಂದಾಣಿಕೆಗೆ ದಯವಿಟ್ಟು ಒಪ್ಪಬೇಡಿ. ಕಾಫಿ ಬೀಜ ಸುತ್ತಲಿನ ತೇವವನ್ನೂ ವಾಸನೆಯನ್ನೂ ಹೀರಿಕೊಳ್ಳುವ ಸರಕು. ಪಕ್ಕದಲ್ಲಿ ಎಣ್ಣೆಬಣ್ಣ ತೆಳುಮಾಡುವ ಟರ್ಪೆಂಟೈನ್ ಡಬ್ಬಿ ತೆರೆದಿಟ್ಟು ವಾರಗಟ್ಟಲೆ ಕೆಲಸ ಮಾಡಿದರೆ ಬೆಳೆಗಾರರ ವರ್ಷದ ದುಡಿಮೆಗೆ ಕೆಟ್ಟ ವಾಸನೆ ಅಂಟಬಹುದು. ನಡುವೆ ಮಾಡಿನವರೆಗೆ ಗೋಡೆಯಿದ್ದು ಬಾಗಿಲು ಬೇರೆಬೇರೆ ಇದ್ದರೆ ಮಾತ್ರ ಅದು ನಡೆಯುವ ಮಾತು.

ಪಟ್ಟಣದೊಳಗೆ, ವಿರಾಜಪೇಟೆಯಲ್ಲೋ ಗೋಣಿಕೊಪ್ಪದಲ್ಲೋ ಅಂಗಡಿಯ ಮೇಲಿನ ಕೋಣೆ ಸಿಕ್ಕರೆ ಅದನ್ನು ಕೀಳೆಂದು ಎಣಿಸಬೇಡಿ. ಮೊದಲ ಮಹಡಿಗೆ ನೆಲದ ಶೀತ ಬರುವುದಿಲ್ಲ, ಕರೆಂಟು ಬೇಗ ವಾಪಸು ಬರುತ್ತದೆ, ಸಂಜೆ ಕತ್ತಲಾದ ಮೇಲೂ ನಡೆದು ಮನೆಗೆ ಹೋಗಬಹುದು. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತೋಟಗಳಲ್ಲಿ ಆನೆಯ ಓಡಾಟವಿರುವುದರಿಂದ ಸಂಜೆ ಐದೂವರೆಗೇ ಬಾಗಿಲು ಹಾಕಿ ಹೊರಡಬೇಕಾಗುತ್ತದೆ. ರಾತ್ರಿ ಕೆಲಸ ಮಾಡುವ ಅಭ್ಯಾಸದವರಿಗೆ ಪಟ್ಟಣದ ಕೋಣೆಯೇ ಸರಿ. ಹೊಸದಾಗಿ ಕಟ್ಟಿಸುವ ಯೋಚನೆಯಿದ್ದರೆ, ಕೃಷಿ ಜಮೀನಿನಲ್ಲಿ ಕೃಷಿಯೇತರ ಕಟ್ಟಡಕ್ಕೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಡಿ ಭೂಪರಿವರ್ತನೆ ಆಗಬೇಕು, ಪಂಚಾಯಿತಿಯ ಅನುಮತಿಯೂ ಬೇಕು. ಮೊದಲ ಸ್ಟುಡಿಯೋಗೆ ಆ ದಾರಿ ಬೇಡವೆಂದೇ ನನ್ನ ಅಭಿಪ್ರಾಯ.

ಬೆಳಕು

ಉತ್ತರದ ಕಿಟಕಿ ಒಳ್ಳೆಯದೆಂಬ ಮಾತು ಎಲ್ಲರೂ ಕೇಳಿದ್ದೇ. ನೇರ ಬಿಸಿಲು ಬೀಳದೆ ಆಕಾಶದ ಬೆಳಕಷ್ಟೇ ಬರುವುದರಿಂದ ನೆರಳುಗಳು ಗಂಟೆಗೊಮ್ಮೆ ಜಾಗ ಬದಲಿಸುವುದಿಲ್ಲ. ಆದರೆ ಆ ನಿಯಮ ಹುಟ್ಟಿದ್ದು ನಮಗಿಂತ ಬಹಳ ಉತ್ತರದ ದೇಶಗಳಲ್ಲಿ. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಅಕ್ಷಾಂಶದಲ್ಲಿ; ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಜೂನ್ ನಂತರ ಮೋಡವೇ ಪರದೆಯಾಗುತ್ತದೆ, ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬೆಳಿಗ್ಗೆ ಮತ್ತು ಸಂಜೆ ಓರೆಬಿಸಿಲು ಉತ್ತರದ ಕಿಟಕಿಯಿಂದ ಒಳಗೆ ಬೀಳುತ್ತದೆ. ನಡುಹಗಲಿನದನ್ನು ಮೂರಡಿಯ ಸೂರು ತಡೆಯುತ್ತದೆ, ಓರೆಬಿಸಿಲಿಗೆ ಬಿಳಿಯ ಹತ್ತಿಬಟ್ಟೆಯ ತೆಳು ಪರದೆ ಸಾಕು.

ನಮ್ಮಲ್ಲಿ ಬಿಸಿಲಿಗಿಂತ ಹೆಚ್ಚು ತೊಂದರೆ ಕೊಡುವುದು ಹಸುರು. ಕಿಟಕಿಗೆ ಹತ್ತಡಿ ದೂರದಲ್ಲಿ ಕಾಫಿ ಗಿಡ, ಅದರ ಮೇಲೆ ನೆರಳಿನ ಮರ ಇದ್ದರೆ ಒಳಗೆ ಬರುವ ಬೆಳಕು ಎಲೆಗಳಿಂದ ಪ್ರತಿಫಲಿಸಿ ಬಂದದ್ದೇ ಆಗಿರುತ್ತದೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುವುದರಿಂದ ಗೊತ್ತೇ ಆಗುವುದಿಲ್ಲ. ಚಿತ್ರವನ್ನು ಹೊರಗೆ ಬಯಲಿಗೆ ತಂದಾಗ ಮೈಬಣ್ಣವೆಲ್ಲ ಅಗತ್ಯಕ್ಕಿಂತ ಕೆಂಪಾಗಿ ಕಾಣುತ್ತದೆ, ಏಕೆಂದರೆ ಒಳಗಿನ ಹಸುರನ್ನು ಸರಿದೂಗಿಸಲು ನಾವೇ ಕೆಂಪು ಬೆರೆಸಿರುತ್ತೇವೆ. ಜಾಗ ನೋಡಲು ಹೋಗುವಾಗ ಬಿಳಿಯ ಹಾಳೆಗಳೆರಡನ್ನು ಜೊತೆಗೆ ಒಯ್ಯಿರಿ. ಒಂದನ್ನು ಕಿಟಕಿಯಿಂದ ನಾಲ್ಕಡಿ ಒಳಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಇನ್ನೊಂದನ್ನು ತೆರೆದ ಅಂಗಳದಲ್ಲಿ ಹಿಡಿದು ಅದೇ ಮೊಬೈಲಿನಲ್ಲಿ, ಬಣ್ಣದ ಹೊಂದಾಣಿಕೆಯನ್ನು ಬದಲಿಸದೆ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹಸುರು ಎಷ್ಟಿದೆ ಎಂದು ತಿಳಿಯುತ್ತದೆ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು, ಹೀಗೆ ಮೂರು ಹೊತ್ತು ನೋಡಿದರೆ ಇನ್ನೂ ಒಳ್ಳೆಯದು. ಹಸುರು ಹೆಚ್ಚಿದ್ದರೆ ಬೆಳಕನ್ನು ಮೇಲಿನಿಂದ ತರಬೇಕು. ಹೆಂಚಿನ ಮಾಡಿನಲ್ಲಿ ಉತ್ತರದ ಇಳಿಜಾರಿಗೆ ನಾಲ್ಕಾರು ಗಾಜಿನ ಹೆಂಚು ಹಾಕಿಸುವುದು ಕಡಿಮೆ ಖರ್ಚಿನ ಒಳ್ಳೆಯ ಉಪಾಯ. ಕೆಲಸದ ಮೇಜಿನ ನೇರ ಮೇಲಕ್ಕೆ ಬೇಡ, ಎರಡಡಿ ಮುಂದಕ್ಕಿರಲಿ, ಇಲ್ಲದಿದ್ದರೆ ನಮ್ಮ ತಲೆಯ ನೆರಳೇ ಕಾಗದದ ಮೇಲೆ ಬೀಳುತ್ತದೆ.

ಜುಲೈನಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಬೇಕಾಗುವುದರಿಂದ ದೀಪವನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಡಬಾರದು. ಎಲ್‌ಇಡಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆ ನೋಡಿ: ಬೆಳಕಿನ ಬಣ್ಣ 5000 ಕೆಲ್ವಿನ್ ಆಸುಪಾಸಿನಲ್ಲಿರಬೇಕು, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆಯಾದ ಸಿಆರ್‌ಐ 90ಕ್ಕಿಂತ ಮೇಲಿರಬೇಕು. ಸಾಧಾರಣ ಟ್ಯೂಬಿನಲ್ಲಿ ಸಿಆರ್‌ಐ 80 ಇದ್ದರೆ ಕೆಂಪುಗಳು ಮಂಕಾಗಿ ಕಾಣುತ್ತವೆ. ಹನ್ನೆರಡಕ್ಕೆ ಹದಿನಾಲ್ಕು ಅಡಿಯ ಕೋಣೆಗೆ 20 ವಾಟ್‌ನ ಎರಡು ಟ್ಯೂಬನ್ನು ಕೆಲಸದ ಗೋಡೆಯಿಂದ ನಾಲ್ಕೈದು ಅಡಿ ಹಿಂದಕ್ಕೆ, ಬೆಳಕು ಚಿತ್ರದ ಮೇಲೆ 45 ಡಿಗ್ರಿಯಲ್ಲಿ ಬೀಳುವಂತೆ ಹಾಕಿಸಿದರೆ ಹಸಿ ಬಣ್ಣದ ಮೇಲಿನ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ.

ಶೀತದೊಡನೆ ಬಾಳುವುದು

ಮೊದಲ ಸ್ಟುಡಿಯೋದಲ್ಲಿ ನಾನು ಜಲವರ್ಣದ ಕಾಗದವನ್ನು ಗೋಡೆಗೆ ತಾಗಿದ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದೆ. 300 ಜಿಎಸ್‌ಎಂ ತೂಕದ ದಪ್ಪ ಹತ್ತಿಯ ಕಾಗದ, ಮೈಸೂರಿನಿಂದ ಬಸ್ಸಿನಲ್ಲಿ ತರಿಸಿದ ಇಪ್ಪತ್ತು ದೊಡ್ಡ ಹಾಳೆ. ಸೆಪ್ಟೆಂಬರ್‌ನಲ್ಲಿ ಮಳೆ ತೆರಪು ಕೊಟ್ಟ ದಿನ ಒಂದನ್ನು ತೆಗೆದಾಗ ಹಾಳೆ ಅಚ್ಚ ಬಿಳಿಯಾಗಿಯೇ ಇತ್ತು, ಒಂದು ಚುಕ್ಕೆಯೂ ಇರಲಿಲ್ಲ. ಹಲಗೆಗೆ ಅಂಟಿಸಿ, ನೀರು ಹಾಯಿಸಿ, ಆಕಾಶಕ್ಕೆಂದು ತೆಳುನೀಲಿಯನ್ನು ಮೇಲಿನಿಂದ ಕೆಳಕ್ಕೆ ಎಳೆದೆ. ಬಣ್ಣ ಅರ್ಧ ಹಾಳೆಗೆ ಬರುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು ರಾಗಿಕಾಳಿನಷ್ಟು ಕಡುನೀಲಿ ಚುಕ್ಕೆ ಎದ್ದು, ನೋಡುತ್ತಿದ್ದಂತೆ ಒಂದೊಂದೂ ನಾಣ್ಯದಷ್ಟು ಅಗಲವಾಗಿ ಹರಡಿತು. ಕಾಗದದ ಮೇಲೆ ಬಣ್ಣ ನಿಲ್ಲಲೆಂದು ತಯಾರಿಕೆಯಲ್ಲಿ ಕೊಟ್ಟಿರುವ ಅಂಟನ್ನು ಬೂಷ್ಟು ತಿಂದಿತ್ತು; ಅಂಟು ಹೋದ ಕಡೆ ಕಾಗದ ಒತ್ತುಕಾಗದದಂತೆ ಬಣ್ಣವನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಇಪ್ಪತ್ತು ಹಾಳೆಯನ್ನೂ ಒಂದೊಂದಾಗಿ ಮೂಲೆಯಲ್ಲಿ ಒದ್ದೆ ಮಾಡಿ ನೋಡಿದೆ. ಉಳಿದದ್ದು ನಾಲ್ಕು. ಆ ದಿನದಿಂದ ಒಂದು ಹಾಳೆಯನ್ನೂ ಗೋಡೆಯ ಪಕ್ಕ ಇಟ್ಟಿಲ್ಲ.

ಗಾಳಿಯ ತೇವಾಂಶ ಶೇಕಡ 65ರಿಂದ 70ನ್ನು ದಾಟಿ ಅಲ್ಲಿಯೇ ನಿಂತರೆ ಬೂಷ್ಟು ಬೆಳೆಯತೊಡಗುತ್ತದೆ. ಕೊಡಗಿನ ಮಳೆಗಾಲದಲ್ಲಿ ಹೊರಗಿನ ಗಾಳಿ ವಾರಗಟ್ಟಲೆ 90ರ ಮೇಲಿರುವುದುಂಟು. ಇಡೀ ಕೋಣೆಯನ್ನು ಒಣಗಿಸುವ ಪ್ರಯತ್ನದಲ್ಲಿ ಹಣ ಸುರಿಯುವ ಮುನ್ನ ಒಂದು ತೇವಮಾಪಕ ಕೊಂಡು ಗೋಡೆಗೆ ತೂಗುಹಾಕಿ, ಇನ್ನೊಂದನ್ನು ಕಾಗದವಿಡುವ ಪೆಟ್ಟಿಗೆಯೊಳಗೆ ಇಡಿ; ಸಂಖ್ಯೆಯ ರೂಪದಲ್ಲಿ ಕಣ್ಣೆದುರಿಗೆ ಕಂಡರೆ ಎಷ್ಟು ಮಾಡಬೇಕೆಂದು ತಿಳಿಯುತ್ತದೆ. ನನ್ನ ದಾರಿ ಇದು: ಕೋಣೆ 75ರ ಒಳಗಿದ್ದರೆ ಸಾಕು, ಕಾಗದದ ಬೀರು ಮಾತ್ರ 60ನ್ನು ದಾಟಬಾರದು.

ಬೀರುವಿಗೆ ಹಳೆಯ ಉಪಾಯವೇ ಒಳ್ಳೆಯದು. ಮರದ ಬೀರುವಿನ ತಳದಲ್ಲಿ ತಂತಿಯ ಬುಟ್ಟಿಯೊಳಗೆ 25 ವಾಟ್‌ನ ತಂತಿ ಬಲ್ಬೊಂದನ್ನು ಉರಿಯಲು ಬಿಟ್ಟರೆ ಒಳಗಿನ ಗಾಳಿ ನಾಲ್ಕೈದು ಡಿಗ್ರಿ ಬೆಚ್ಚಗಾಗಿ ತೇವಾಂಶ ಇಳಿಯುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ಅದಕ್ಕೆ ಅಷ್ಟು ಶಾಖವಿಲ್ಲ. ಬಲ್ಬಿಗೂ ಕಾಗದಕ್ಕೂ ನಡುವೆ ಒಂದಡಿ ಅಂತರ ಇರಲೇಬೇಕು, ಬಟ್ಟೆ ಅಥವಾ ಕಾಗದ ಜಾರಿ ಬಲ್ಬಿನ ಮೇಲೆ ಬೀಳುವ ದಾರಿ ಇರಕೂಡದು. ಕರೆಂಟು ಹೋಗಿ ಮೂರು ನಾಲ್ಕು ದಿನ ಬಾರದಿರುವ ಸಂದರ್ಭಕ್ಕೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ ಮತ್ತು ಸಿಲಿಕಾ ಜೆಲ್ ಸಿದ್ಧವಿರಲಿ. ನೀಲಿ ಅಥವಾ ಕಿತ್ತಳೆ ಹರಳುಗಳು ಬಣ್ಣ ಬದಲಿಸಿದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತವೆ, ಆದರೆ ಅಡುಗೆಯ ಪಾತ್ರೆಯಲ್ಲಿ ಬೇಡ. ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯುಮಿಡಿಫೈಯರ್ ಕೊಳ್ಳುವವರು ಒಂದು ಮಾತು ತಿಳಿದಿರಬೇಕು: ಪೆಟ್ಟಿಗೆಯ ಮೇಲಿನ ದಿನಕ್ಕಿಷ್ಟು ಲೀಟರ್ ಎಂಬ ಲೆಕ್ಕವನ್ನು ಸಾಮಾನ್ಯವಾಗಿ 30 ಡಿಗ್ರಿ ಉಷ್ಣತೆಯಲ್ಲಿ ಅಳೆದಿರುತ್ತಾರೆ, ಮಡಿಕೇರಿಯ ಜುಲೈನ 20 ಡಿಗ್ರಿಯಲ್ಲಿ ಅಷ್ಟು ನೀರು ಇಳಿಯುವುದಿಲ್ಲ. ಆದ್ದರಿಂದ ಕೋಣೆಗೆ ಬೇಕೆಂದು ಹೇಳುವ ಅಳತೆಗಿಂತ ಒಂದು ಮೆಟ್ಟಿಲು ದೊಡ್ಡದನ್ನೇ ಕೊಳ್ಳಬೇಕು, ಅದು ನಡೆಯುವಾಗ ಕಿಟಕಿ ಬಾಗಿಲು ಮುಚ್ಚಿರಬೇಕು.

ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬೇಡ. ಹಳೆಯ ಮಣ್ಣಿನ ಅಥವಾ ಕಲ್ಲಿನ ಗೋಡೆ ಒಳಗಿನ ತೇವವನ್ನು ಬೇಸಿಗೆಯಲ್ಲಿ ಹೊರಬಿಡಬೇಕು. ಪೇಂಟು ಅದನ್ನು ಒಳಗೇ ಕಟ್ಟಿಹಾಕಿ ಎರಡನೆಯ ವರ್ಷ ಗುಳ್ಳೆಯೆದ್ದು ಸಿಪ್ಪೆಯಂತೆ ಕಳಚುತ್ತದೆ. ಸುಣ್ಣವೇ ಸಾಕು, ಬೆಳಕಿಗೂ ಅದು ಒಳ್ಳೆಯದು. ಯಾವ ಬೀರುವೂ ಗೋಡೆಗೆ ತಾಗದೆ ನಾಲ್ಕು ಇಂಚು ಬಿಟ್ಟು ನಿಲ್ಲಲಿ, ಕ್ಯಾನ್ವಾಸುಗಳು ನೆಲದಿಂದ ಆರು ಇಂಚು ಎತ್ತರದ ಮರದ ಅಟ್ಟಣೆಯ ಮೇಲೆ, ಒಂದಕ್ಕೊಂದು ಒರಗದೆ ನಿಲ್ಲಲಿ. ಅಟ್ಟಣೆಯ ಕಾಲುಗಳನ್ನೂ ಗೋಡೆಯ ಬುಡವನ್ನೂ ವಾರಕ್ಕೊಮ್ಮೆ ಟಾರ್ಚು ಹಿಡಿದು ನೋಡಬೇಕು. ಗೆದ್ದಲು ಮೊದಲು ಕಟ್ಟುವುದು ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ದಾರಿಯನ್ನು, ಅದು ಕಂಡ ದಿನವೇ ಕೆರೆದು ಔಷಧ ಹಾಕಿದರೆ ಕ್ಯಾನ್ವಾಸಿನ ಚೌಕಟ್ಟು ಉಳಿಯುತ್ತದೆ.

ಎಣ್ಣೆಬಣ್ಣ ಮತ್ತು ಬೆಂಕಿ

ಎಣ್ಣೆಬಣ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ, ತಂಪಿನಲ್ಲಿ ಮತ್ತು ಮಬ್ಬಿನಲ್ಲಿ ಆ ಕ್ರಿಯೆ ನಿಧಾನ. ಡಿಸೆಂಬರ್‌ನಲ್ಲಿ ನಾಲ್ಕು ದಿನಕ್ಕೆ ಒಣಗುವ ಪದರ ಜುಲೈನಲ್ಲಿ ಹತ್ತು ದಿನ ಕಳೆದರೂ ಬೆರಳಿಗೆ ಅಂಟುತ್ತಿರುತ್ತದೆ. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಹವೆಗೆ ತಕ್ಕಂತೆ ಕೆಲಸ ಹಂಚಿಕೊಳ್ಳುವುದು. ಅಕ್ಟೋಬರ್‌ನಿಂದ ಮೇವರೆಗೆ ಎಣ್ಣೆಬಣ್ಣ. ಮಳೆಗಾಲದಲ್ಲಿ ಇದ್ದಿಲು, ಪೆನ್ಸಿಲು, ಮರದಚ್ಚಿನ ಕೆಲಸ. ಜೇಡಿಮಣ್ಣಿನವರಿಗೂ ಇದೇ ಮಾತು ಅನ್ವಯಿಸುತ್ತದೆ.

ಟರ್ಪೆಂಟೈನ್ ಬಳಸುವಾಗ ಎದುರುಬದುರು ಎರಡು ಕಿಟಕಿ ತೆರೆದಿರಬೇಕು. ಕಿಟಕಿ ತೆರೆದರೆ ತೇವ ಬರುತ್ತದೆ, ಮುಚ್ಚಿದರೆ ಆವಿ ತಲೆಗೇರುತ್ತದೆ; ಇವೆರಡರಲ್ಲಿ ಆರೋಗ್ಯವೇ ಮುಖ್ಯ. ಕೆಲಸ ಮುಗಿಸಿ ಡಬ್ಬಿಗಳ ಮುಚ್ಚಳ ಬಿಗಿಮಾಡಿ, ಕೋಣೆಯ ಗಾಳಿ ಹೊರಹೋದ ಮೇಲೆ ಕಿಟಕಿ ಮುಚ್ಚಿ ತೇವ ತೆಗೆಯುವ ಯಂತ್ರ ಹಾಕಿಕೊಳ್ಳಬಹುದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯುವ ಅಭ್ಯಾಸ ಬಹಳ ಅಪಾಯದ್ದು. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದುಡಿದ ಬಟ್ಟೆಯೊಳಗೆ ಆ ಶಾಖ ಹೊರಹೋಗಲು ದಾರಿಯಿಲ್ಲದೆ ಏರುತ್ತಾ ಹೋಗಿ, ಯಾರೂ ಕಡ್ಡಿ ಗೀರದಿದ್ದರೂ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಮರದ ಮಾಡು, ಒಣ ಗೋಣಿಚೀಲ, ಸೌದೆ ತುಂಬಿರುವ ತೋಟದ ಕಟ್ಟಡದಲ್ಲಿ, ನಾವು ಬೀಗ ಹಾಕಿ ಮನೆಗೆ ಹೋದ ರಾತ್ರಿ ಅದು ನಡೆದರೆ ತಡೆಯುವವರು ಯಾರೂ ಇರುವುದಿಲ್ಲ. ನೀರು ತುಂಬಿದ, ಬಿಗಿ ಮುಚ್ಚಳದ ತಗಡಿನ ಡಬ್ಬಿಯೊಂದನ್ನು ಬಾಗಿಲ ಹೊರಗಿಟ್ಟು, ಪ್ರತಿ ಸಂಜೆ ಬಟ್ಟೆಯನ್ನು ಅದರಲ್ಲಿ ಮುಳುಗಿಸಿಯೇ ಹೊರಡಿ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಒಂದನ್ನು ಬಾಗಿಲ ಪಕ್ಕದಲ್ಲಿಯೇ ತೂಗುಹಾಕಿ.

ಕರೆಂಟಿನ ವಿಷಯದಲ್ಲಿ, ತೋಟದ ಪಂಪ್‌ಸೆಟ್ಟಿನ ಸಂಪರ್ಕದಿಂದ ತಂತಿ ಎಳೆದುಕೊಳ್ಳುವ ವ್ಯವಸ್ಥೆಗೆ ಒಪ್ಪದೆ, ಕಟ್ಟಡಕ್ಕೆ ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಅಧಿಕೃತ ಸಂಪರ್ಕ ಇದೆಯೇ ಎಂದು ನೋಡಿ, ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹೊರಡುವ ಮುನ್ನ ಪ್ಲಗ್ಗುಗಳನ್ನು ಕಿತ್ತಿಡಬೇಕು.

ಮಾತು, ಕರಾರು, ಹೊತ್ತು

ಪರಿಚಯದ ತೋಟವೆಂದು ಬಾಯಿಮಾತಿನಲ್ಲೇ ಮುಗಿಸುವುದು ನಮ್ಮಲ್ಲಿ ರೂಢಿ. ಮೊದಲ ಸ್ಟುಡಿಯೋದಲ್ಲಿ ನಾನೂ ಹಾಗೆಯೇ ಮಾಡಿದ್ದೆ. ಮಾಡು ಸೋರಿದಾಗ ಹೆಂಚು ಯಾರು ಬದಲಿಸಬೇಕೆಂಬ ಮಾತಿಗೆ ಆಗಸ್ಟ್ ಪೂರ್ತಿ ಹೋಯಿತು, ಅಷ್ಟರಲ್ಲಿ ಹಳೆಯ ಸಂಬಂಧವೂ ಹಳಸಿತು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದರಿಂದ 11 ತಿಂಗಳ ಕರಾರು ಬರೆಯುವುದು ವಾಡಿಕೆ. ಅದರಲ್ಲಿ ಮಾಡಿನ ದುರಸ್ತಿ ಯಾರದು, ಕೊಯ್ಲಿನ ದಿನಗಳಲ್ಲಿ ಕಣ ಮತ್ತು ಜಗಲಿಯನ್ನು ಯಾರು ಬಳಸಬೇಕು, ಗಾಜಿನ ಹೆಂಚು, ಕಿಟಕಿಗೆ ನಾವು ಹಾಕಿದ ಹಣ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೇ, ಯಾವ ಬಣ್ಣ, ಯಾವ ದ್ರಾವಣ ಒಳಗಿಡುತ್ತೇವೆ ಎಂಬುದೆಲ್ಲ ಸ್ಪಷ್ಟವಾಗಿ ಬರೆದಿರಲಿ. ಕೊಡಗಿನ ಹಳೆಯ ಕುಟುಂಬ ಹಿಡುವಳಿಗಳಾದ ಜಮ್ಮಾ ಅಥವಾ ಬಾಣೆ ಜಮೀನಿನಲ್ಲಿರುವ ಕಟ್ಟಡವಾದರೆ ಪಹಣಿಯಲ್ಲಿ ಪಟ್ಟೆದಾರರ ಹೆಸರಿದ್ದರೂ ಕುಟುಂಬದ ಹಲವರಿಗೆ ಹಕ್ಕಿರುವುದುಂಟು. ಸಹಿ ಹಾಕುವವರೊಡನೆ ಮನೆಯ ಹಿರಿಯರನ್ನೂ ಕಂಡು, ಒಂದು ಕಾಫಿ ಕುಡಿದು, ವಿಷಯ ತಿಳಿಸಿ ಬರುವುದು ಕ್ರಮ. ದುರಸ್ತಿ, ದೀಪ, ಬೀರು, ತೇವದ ಯಂತ್ರ ಎಲ್ಲ ಸೇರಿ ಮೊದಲ ವರ್ಷದ ಬಾಡಿಗೆಯಷ್ಟೇ ಹಣ ಬೇರೆಯಾಗಿ ಕೈಯಲ್ಲಿರಬೇಕೆಂದು ಲೆಕ್ಕ ಹಾಕಿಕೊಳ್ಳಿ.

ಒಬ್ಬರಿಗೆ ಹೊರೆಯಾಗುವುದಾದರೆ ಇಬ್ಬರು ಮೂವರು ಸೇರಿ ಹಿಡಿಯಬಹುದು. ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ 1966ರಲ್ಲಿ ಮದ್ರಾಸಿನ ಬಳಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದ ಕಲಾವಿದರು ಬಾಟಿಕ್ ಮೊದಲಾದ ಕರಕುಶಲ ವಸ್ತು ಮಾಡಿ ಮಾರಿ ಅದರಿಂದಲೇ ಜಾಗ ನಡೆಸಿದರು. ನಮ್ಮ ಪ್ರಮಾಣ ಚಿಕ್ಕದಾದರೂ ನಿಯಮ ಬೇಕು: ಎಣ್ಣೆಬಣ್ಣದವರೂ ಜಲವರ್ಣದವರೂ ಒಂದೇ ಕೋಣೆಯಲ್ಲಿ ಇರುವುದಾದರೆ ಕಿಟಕಿಯ ವಿಚಾರದಲ್ಲೇ ಜಗಳ ಬರುತ್ತದೆ.

ಇನ್ನು ಹೊತ್ತಿನ ಮಾತು. ಮನೆಯಾಚೆಗೆ ಜಾಗ ಮಾಡಿಕೊಂಡಿದ್ದು ಕೆಲಸದ ಹೊತ್ತನ್ನು ಉಳಿಸಿಕೊಳ್ಳಲು, ಆದ್ದರಿಂದ ಮನೆಯವರಿಗೆ ಮೊದಲೇ ಕುಳಿತು ಹೇಳಿ: ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ನಾನು ಅಲ್ಲಿರುತ್ತೇನೆ, ಇಷ್ಟು ಹೊತ್ತಿಗೆ ಬಾರದಿದ್ದರೆ ಹುಡುಕಿಕೊಂಡು ಬನ್ನಿ. ಎಷ್ಟೋ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲವಾದ್ದರಿಂದ ಈ ಕೊನೆಯ ಮಾತು ಅಗತ್ಯ. ಒಂದು ಬೀಗದ ಕೈ ಮನೆಯಲ್ಲಿರಲಿ. ಪುತ್ತರಿ, ಕೈಲ್‌ಪೊಳ್ದ್ ಹಬ್ಬ, ಮದುವೆಯ ದಿನಗಳನ್ನು ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಲ್ಲಿ ಗುರುತಿಸಿ ಬಿಟ್ಟುಕೊಟ್ಟರೆ ಉಳಿದ ದಿನಗಳನ್ನು ಕೇಳಿಕೊಳ್ಳುವುದು ಸುಲಭವಾಗುತ್ತದೆ. ಸ್ಟುಡಿಯೋಗೆ ಹೋಗಿ ಏನೂ ಬರೆಯದೆ ಕುಳಿತು ಬಂದ ದಿನಗಳೂ ಕೆಲಸದ ದಿನಗಳೇ ಎಂದು ನಾನು ನಂಬಿದ್ದೇನೆ, ಮನೆಯವರೂ ಈಗ ನಂಬಿದ್ದಾರೆ.

ಕರಾರು ಅಕ್ಟೋಬರ್ ಮೊದಲ ವಾರದಲ್ಲಿ ಆರಂಭವಾಗುವಂತೆ ನೋಡಿಕೊಳ್ಳಿ. ಆಗ 11 ತಿಂಗಳು ತುಂಬುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ, ಕಕ್ಕಡ ಮುಗಿದು ಕೈಲ್‌ಪೊಳ್ದ್ ಬರುವ ಹೊತ್ತಿಗೆ. ಆ ಕೋಣೆಯಲ್ಲಿ ನಿಮ್ಮ ಕಾಗದ, ಕ್ಯಾನ್ವಾಸು ಒಂದು ಪೂರ್ತಿ ಮಳೆಗಾಲ ಕಳೆದಿರುತ್ತವೆ. ಜೂನ್ ಒಂದರಿಂದ ಪ್ರತಿದಿನ ಬೆಳಿಗ್ಗೆ ತೇವಮಾಪಕದ ಸಂಖ್ಯೆಯನ್ನು ಬಾಗಿಲ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಾ ಬನ್ನಿ, ಸೋರಿದ ಜಾಗವನ್ನು ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಿಂದ ತಾರೀಕು ಸಮೇತ ಗುರುತು ಮಾಡಿ. ಕರಾರು ಮುಂದುವರಿಸುವ ಮಾತಿಗೆ ಮಾಲೀಕರು ಬಂದಾಗ ಆ ಹಾಳೆಯನ್ನೂ ಗೋಡೆಯ ಗುರುತುಗಳನ್ನೂ ತೋರಿಸಿ, ಬದಲಿಸಬೇಕಾದ ಹೆಂಚುಗಳನ್ನು ಇಬ್ಬರೂ ಸೇರಿ ಎಣಿಸಿದ ಮೇಲೆ ಸಹಿ ಹಾಕಿ.